ನಾಲ್ಕನೇ ಅಧ್ಯಾಯದ ಆ ಒಂದು ವಾಕ್ಯ

ಅಯ್ಯೋ, ಅದೆಲ್ಲ ಬುರುಡೆ ಕಣಮ್ಮ! ಗಾಜಿನ ಕಟ್ಟಡದಲ್ಲಿ ಶುರುವಾದ ಕಂಪನಿ ಅಂತ ಯಾರು ಹೇಳಿದ್ದು ನಿನಗೆ? ದರ್ಜಿ ಅಂಗಡಿಯ ಮಹಡಿ! ಕೆಳಗೆ ಹೊಲಿಗೆ ಯಂತ್ರ ಓಡಿದರೆ ಮೇಲೆ ನಮ್ಮ ಮೇಜು ನಡುಗೋದು. ಒಂದು ಕಿಟಕಿ, ಒಂದು ಕಂಪ್ಯೂಟರ್, ಎರಡು ಕುರ್ಚಿ. ಅದರಲ್ಲೂ ಒಂದಕ್ಕೆ ಮೂರೇ ಕಾಲು. ಅದು ನಿಮ್ಮಪ್ಪನದು. ಎಂಟು ವರ್ಷ ಬೀಳದೆ ಕೂತಿದ್ದ, ಪುಣ್ಯಾತ್ಮ!

ಹಾಂ, ಹಾಗೆ ನಗು. ಬಂದಾಗಿನಿಂದ ಈಗ ನಕ್ಕೆ. ಮತ್ತೆ ಅದೇನು ಮಾತು ಮಾತಿಗೂ 'ಸರ್, ಸರ್'? ಚಿಕ್ಕವಳಿದ್ದಾಗ 'ದೊಡ್ಡಪ್ಪ, ದೊಡ್ಡಪ್ಪ' ಅಂತ ಹೆಗಲೇರಿ ಕೂತವಳು ನೀನು... ಆಗಲಿ ಬಿಡು. ಕಾಫಿ ತಗೋ. ಆ ಹಳದಿ ಫೈಲನ್ನ ಮಡಿಲಿಂದ ಇಳಿಸಿ ಪಕ್ಕಕ್ಕಿಡು, ಚೆಲ್ಲೀತು. ಇಡಲ್ವಾ? ನಿನ್ನಿಷ್ಟ.

ಎಲ್ಲಿದ್ದೆ? ಮಹಡಿ. ಕಾಲೇಜಿಂದಲೇ ಜೋಡಿ ನಾವು. ಪರೀಕ್ಷೆ ಹಾಲಿನಲ್ಲಿ ನನ್ನ ಬೆನ್ನಿಗೇ ಅವನು, ನನ್ನ ರೋಲ್ ನಂಬರಿನ ಮುಂದಿನದೇ ಅವನದು. ನಾನು ಒಂಚೂರು ಪಕ್ಕಕ್ಕೆ ವಾಲಿದರೆ ಅವನು ಪಾಸು! ಸುಳ್ಳು, ಸುಳ್ಳು... ವಾಲ್ತಿದ್ದವನು ಅವನು, ಪಾಸಾಗ್ತಿದ್ದವನು ನಾನು. ಕಂಪನಿಯಲ್ಲೂ ಅಷ್ಟೇ. ಹುಡುಗರು ನಮಗೆ ಹೆಸರಿಟ್ಟಿದ್ದರು, ನಾನು 'ಬಾಯಿ', ಅವನು 'ಕೈ'. ಬಾಯಿ ಹೋಗಿ ಗಿರಾಕಿ ತರೋದು, ಕೈ ಕೂತು ಪ್ರೋಗ್ರಾಮ್ ಬರೆಯೋದು. ಆಫೀಸಿನ ಕಂಪ್ಯೂಟರಿಗೆ ಕಾವಲು ಕಾಯೋ ಪ್ರೋಗ್ರಾಮ್. ಯಾರು ಒಳಗೆ ಬಂದರು, ಏನು ಮುಟ್ಟಿದರು, ಯಾವ ಬಾಗಿಲು ತೆರೆದರು, ಎಲ್ಲದರ ಲೆಕ್ಕ.

ಒಂದು ತಮಾಷೆ ಹೇಳ್ಲಾ? ಊರಿಗೆಲ್ಲ ಬೀಗ ಮಾರೋ ನಮ್ಮಲ್ಲಿ ಚಿಲಕ ಇರಲಿಲ್ಲ! ಒಂದೇ ಕಂಪ್ಯೂಟರ್, ಒಂದೇ ಲಾಗಿನ್, ಅದೂ ಅವನ ಹೆಸರಿನದು. ಇಬ್ಬರೂ ಅದರಲ್ಲೇ ಕೂರೋದು. ಹತ್ತು ಕಂಪ್ಯೂಟರ್ ಬಂದ ಮೇಲೂ ಅದೇ ಚಾಳಿ. ನಾನು ಬರೆದದ್ದೂ ಅವನ ಹೆಸರಲ್ಲೇ ಬೀಳೋದು. ಗಂಡ ಹೆಂಡತಿಗೆ ಒಂದೇ ಪೆಟ್ಟಿಗೆ ಇರಲ್ವಾ, ಹಾಗೆ.

ಆದರೆ ಗಿರಾಕಿಗಳ ಮುಂದೆ? ಆಹಾ, ನನ್ನ ಭಾಷಣ ಕೇಳಬೇಕಿತ್ತು ನೀನು! "ಒಂದೇ ಪಾಸ್‌ವರ್ಡನ್ನ ಎರಡು ಕಡೆ ಇಡಬೇಡಿ ಸ್ವಾಮಿ! ಒಂದೇ ಸುಳ್ಳನ್ನ ಎರಡು ಮನೆಯಲ್ಲಿ ಹೇಳಿದ ಹಾಗೆ. ಯಾವತ್ತೋ ಒಂದು ದಿನ ಎರಡೂ ಮನೆಯವರು ಮದುವೆಯಲ್ಲಿ ಸಿಕ್ತಾರೆ!" ಚಪ್ಪಾಳೆಯೋ ಚಪ್ಪಾಳೆ. ಅದೇ ಮಾತು ಮೂವತ್ತನೇ ವರ್ಷದ ಈ ಪುಸ್ತಕದ ಬೆನ್ನಿಗೂ ಬರ್ತಿದೆ. ನಾನೇ ಬರೆದ ಕಂಪನಿ ಚರಿತ್ರೆ. ಪುಟ ನೂರಾ ಎಂಬತ್ತು! ಸಂಜೆ ಪ್ರೆಸ್ಸಿನವನು ಬಂದು ಒಯ್ತಾನೆ, ಮುಗೀತು.

ಗೊತ್ತಮ್ಮ, ಗೊತ್ತು ನೀನು ಬಂದಿರೋದು ಯಾಕೆ ಅಂತ. ನಾಲ್ಕನೇ ಅಧ್ಯಾಯ. "ಸಹಸ್ಥಾಪಕರ ಅಜಾಗರೂಕತೆಯಿಂದ ಕಂಪನಿಗೆ ಕಳಂಕ ತಟ್ಟಿತು." ಆ ವಾಕ್ಯ ತೆಗೀಬೇಕು, ಅಲ್ವಾ? ಹೇಗೆ ತೆಗೀಲಿ ಮಗಳೇ? ಅವನು ತೀರಿಕೊಂಡು ಇನ್ನೂ ಒಂದು ತಿಂಗಳಾಗಿಲ್ಲ, ನನಗೇನು ಸಂಕಟ ಇಲ್ವಾ? ಆದರೆ ಚರಿತ್ರೆ ಚರಿತ್ರೆಯೇ. ನಮ್ಮ ಗಿರಾಕಿ ಆಸ್ಪತ್ರೆಯ ರೋಗಿಗಳ ಕಡತ ಬೀದಿಗೆ ಬಿತ್ತಲ್ಲ. ಯಾರಿಗೆ ಯಾವ ಕಾಯಿಲೆ, ಯಾವ ಮನೆಯ ಸೊಸೆ ಯಾತಕ್ಕೆ ಔಷಧಿ ತಗೊಂಡಳು, ಎಲ್ಲ! ನಮ್ಮ ಪ್ರೋಗ್ರಾಮಿನಲ್ಲೇ ಒಂದು ಹಿಂಬಾಗಿಲು ಇತ್ತಂತೆ. ಒಂದು ಗುಪ್ತ ಪಾಸ್‌ವರ್ಡ್ ಹೊಡೆದರೆ ಯಾವ ಗಿರಾಕಿಯ ಬೀಗವಾದರೂ ತೆರೆಯೋದಂತೆ.

ಅದೇನು ಪಾಸ್‌ವರ್ಡಾ? ನನಗೇನು ಗೊತ್ತು! ಕೇಳಲೂ ಇಲ್ಲ ನಾನು. ಹೊರಗಿನಿಂದ ತನಿಖೆಯವನು ಬಂದಿದ್ದ, ವರದಿ ಎರಡೇ ಪ್ರತಿ. ಒಂದು ವಕೀಲರ ಕಪಾಟಿಗೆ, ಒಂದು ನಿಮ್ಮಪ್ಪನ ಕೈಗೆ. ನಾನು ಮುಟ್ಟಲಿಲ್ಲ. ಹಿಂಬಾಗಿಲು ಇಟ್ಟದ್ದು ನಿಮ್ಮಪ್ಪನ ಲಾಗಿನ್ನಿಂದ ಅಂತ ಇತ್ತಂತೆ, ಅಷ್ಟು ಸಾಕಲ್ಲ.

ಅವತ್ತಿನ ಮೀಟಿಂಗ್ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮಪ್ಪ ವರದಿ ಓದ್ತಾ ಓದ್ತಾ ಒಂದು ಕಡೆ ನಿಲ್ಲಿಸಿದ. ತಲೆ ಎತ್ತಿ ನನ್ನ ನೋಡಿದ. ಎಷ್ಟು ಹೊತ್ತು! ಆಮೇಲೆ ರಾಜೀನಾಮೆಗೆ ಸಹಿ ಹಾಕಿ, ಕೊಡೆ ತಗೊಂಡು ಹೋದ. ಕೊಡೆ ಮರೆಯಲಿಲ್ಲ ನೋಡು, ಪುಣ್ಯಾತ್ಮ! ತಪ್ಪಿಲ್ಲದಿದ್ದರೆ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಇಪ್ಪತ್ತೆರಡು ವರ್ಷ! ನನ್ನ ಫೋನ್ ಎತ್ತಲಿಲ್ಲ. ಮಗನ ಮದುವೆಗೆ ನಾನೇ ಹೋಗಿ ಕರೆದೆ, ಬಾಗಿಲು ತೆಗೆದು ನಿಂತ, ಒಳಗೆ ಬಾ ಅನ್ನಲಿಲ್ಲ. ಪ್ರಿಂಟರ್ ರಿಪೇರಿ ಮಾಡಿಕೊಂಡಿದ್ದ, ಬೆರಳೆಲ್ಲ ಶಾಯಿ. ನನ್ನ ಕಂಪನಿಯ ಕೈ ಅದು! ನೋಡೋಕಾಗಲಿಲ್ಲ ನನಗೆ... ಆದರೂ ಎಷ್ಟು ಸೊಕ್ಕು! ಏನು ಮಾಡಿದ್ದೆ ನಾನವನಿಗೆ?

ಯಾಕೆ ಹಾಗೆ ತಲೆ ತಗ್ಗಿಸಿದೆ? ಸರಿ, ಸರಿ, ಬಿಡು. ಅಪ್ಪನ ಹಳೇ ಫೋಟೋ ಕೇಳಿದೆಯಲ್ಲ, ಅದನ್ನಾದರೂ ತಗೋ. ಮಹಡಿಯಲ್ಲಿ ನಾವಿಬ್ಬರೂ ನಿಂತಿರೋದು, ಮೂರು ಕಾಲಿನ ಕುರ್ಚಿ ಸಮೇತ. ಇಗೋ ಮೊಬೈಲ್. ಕನ್ನಡಕ ಒಳಗಿದೆ ನನ್ನದು, ನೀನೇ ತೆಗಿ. ನಂಬರ್ ಒತ್ತು. ನಾಲ್ಕು, ಒಂದು, ಒಂದು, ಏಳು. ಅಯ್ಯೋ, ನಿಮ್ಮ ದೊಡ್ಡಮ್ಮ ಬೈತಾಳೆ, ಬ್ಯಾಂಕಿಗೂ ಅದೇ, ಟೀವಿಗೂ ಅದೇ ಅಂತ! ಏನ್ಮಾಡ್ಲಿ, ಕಾಲೇಜಿನ ರೋಲ್ ನಂಬರ್, ಹುಟ್ಟಿದ ತಾರೀಕು ಮರೆತರೂ ಅದು ಮರೆಯಲ್ಲ...

ತೆರೀತಾ?

ತೆರೀತಲ್ಲ, ಬೆಳಕು ಬಂತು. ಮತ್ಯಾಕೆ ಮೊಬೈಲ್ ಕೆಳಗಿಟ್ಟೆ? ಫೋಟೋ ನೋಡು. ಏನದು, ಫೈಲಿಂದ ತೆಗೀತಿರೋದು? ಯಾವ ಕಾಗದ? ಕನ್ನಡಕ ಇಲ್ಲ ಅಂದೆನಲ್ಲ, ಓದಿ ಹೇಳು. ಓದಲ್ವಾ? ಬೆರಳಿಟ್ಟು ತೋರಿಸಿದರೆ ನನಗೇನು ಕಾಣುತ್ತೆ... ನಾಲ್ಕು ಅಂಕೆ. ಕೆಳಗೆ ಗೆರೆ ಎಳೆದಿದ್ದಾನೆ. ಇಂಕು ಪೆನ್ನಿನಲ್ಲಿ, ಅವನೇ...

ಬೇಡ. ಕನ್ನಡಕ ಬೇಡ ಬಿಡು.

ಇದು ಆ ವರದಿ, ನಿಮ್ಮಪ್ಪನ ಪ್ರತಿ... ಅದರಲ್ಲಿ ನಂಬರ್ ಕೂಡ ಅಚ್ಚು ಹಾಕಿದ್ದರಾ? ನನಗೆ... ನಾನು ಓದೇ ಇಲ್ಲ, ದೇವರಾಣೆ ಓದಿಲ್ಲ. ಆ ಆಸ್ಪತ್ರೆಯ ಗುಮಾಸ್ತ ಇದ್ದನಲ್ಲ, ವಾರಕ್ಕೆ ಮೂರು ಸಲ ಪಾಸ್‌ವರ್ಡ್ ಮರೆಯೋನು. ಊಟಕ್ಕೆ ಕೂತರೆ ಫೋನು, ಸ್ನಾನಕ್ಕೆ ಹೋದರೆ ಫೋನು. ಒಂದು ವಾರದ ಮಟ್ಟಿಗೆ ಅಂತ ಆ ಹಿಂಬಾಗಿಲು ನಾನೇ ಇಟ್ಟೆ. ಆಮೇಲೆ ತೆಗೆದರಾಯ್ತು ಅಂದುಕೊಂಡೆ... ನಿಮ್ಮಪ್ಪನಿಗೆ ಹೇಳಿದ್ದರೆ ಬಿಡ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ.

ಅಂದರೆ ಅವನಿಗೆ... ಅವನದು ನಾಲ್ಕು, ಒಂದು, ಒಂದು, ಎಂಟು. ನೋಡಿದ ಕೂಡಲೇ ಗೊತ್ತಾಗಿರುತ್ತೆ. ಮೂರು ವರ್ಷ ನನ್ನ ಬೆನ್ನ ಹಿಂದೆ ಕೂತವನು. ಓದ್ತಾ ನಿಲ್ಲಿಸಿದ್ದು ಅಲ್ಲೇ... ಅಯ್ಯೋ ನನ್ನ ಕರ್ಮವೇ! ನಾನೇನು ಅಂದುಕೊಂಡಿದ್ದೆ ಗೊತ್ತಾ? ಕಾಪಾಡು ಅಂತ ನೋಡ್ತಿದ್ದಾನೆ ಅಂದುಕೊಂಡಿದ್ದೆ. ಕಾಯ್ತಿದ್ದ ಅವನು. 'ಬಾಯಿ' ಒಂದು ಮಾತಾಡಲಿ ಅಂತ ಕಾಯ್ತಿದ್ದ.

ಪೆನ್ನು ಕೊಡು. ಕೊಡಮ್ಮ! ಎಲ್ಲಿ ಆ ಪುಟ... ಇಗೋ, ಹೊಡೆದುಹಾಕಿದೆ. ಇಡೀ ವಾಕ್ಯ. ಮಸಿ ಬಳಿದೆ ನೋಡು, ಒಂದಕ್ಷರ ಕಾಣಲ್ಲ. ಆಯ್ತಲ್ಲ? ನೀನು ಬಂದದ್ದು ಇದಕ್ಕೇ ತಾನೇ?

ಸಾಲದಾ?

ಏನಾದರೂ ಹೇಳು ತಾಯಿ. ಬೈಯಾದರೂ ಬೈ. ಯಾಕೆ ಹಾಗೆ ನೋಡ್ತಾ ಕೂತೆ... ಅವತ್ತು ಅವನೂ ಹೀಗೇ, ಹೀಗೇ ನೋಡಿದ್ದ.