ಮೆಂತೆ, ಮಸರು

ಬಾಗಲಕೋಟೆ ಸ್ಟೇಶನ್ನಿನ ಬೇವಿನ ನೆರಳಲ್ಲಿ ಬಾದಾಮಿಯ ಗಾಡಿಗೆ ಕಾದಿದ್ದೆ. ನನ್ನ ಬೆನ್ನ ಹಿಂದೆ ಯಾರೋ ಅತ್ತೆ, ಸೊಸೆ ಕೂತಿದ್ದರು. ಇಬ್ಬರೂ ವಿಧವೆಯರು, ಬೋಳುತಲೆಯ ಮೇಲೆ ಕೆಂಪು ಸೆರಗು. ಅತ್ತೆ ಮೆಲ್ಲಗೆ ಕೇಳಿದಳು:

“ತಲಿ ಇನ್ನೂ ಉರೀತದೇನ, ಗೋದಾ?”

“ಕತ್ತಿ ತಾಗಿದಲ್ಲೆ ಭಾಳ ಉರೀತದರಿ, ಅತ್ಯಾ.”

“ಮನಿಗೆ ಹೋಗಿ ಮೆಂತೆಕಾಳು ನೆನಿಹಾಕಿ, ಮಸರಿನ್ಯಾಗ ಅರದು ಹಚ್ಚತೇನಿ. ತಂಪಾಗ್ತದ.”

“ಅದನ್ನ ಹಚ್ಚಿದ್ರ ಕೂದಲಾ ದಟ್ಟ ಬೆಳೀತಾವಂತರಿ.”

“ಬೆಳೀಲಿ.”

“ಮುಂದಿನ ತಿಂಗಳ ಕ್ಷೌರದಾಂವ ಬರ್ತಾನಲ್ಲರಿ?”

“ತಲಿ ಹುಣ್ಣಾಗ್ಯದ, ಬರಬ್ಯಾಡ ಅಂತ ಹೇಳಿ ಕಳಸ್ತೇನಿ.”

“ಹುಣ್ಣು ಮಾದ ಮ್ಯಾಲೆರಿ?”

“ನಿನ್ನ ತಲಿ ನೋಡಾಕಿ ನಾನು. ನಾ ಮಾಯ್ತು ಅನ್ನೋತನಕ ಅದು ಮಾಯಂಗಿಲ್ಲ.”

ಗಾಡಿ ಬಂತು. ಅತ್ತೆ ಎದ್ದು, ಸೊಸೆಯ ಸೆರಗನ್ನು ಹಣೆಯವರೆಗೆ ಎಳೆದು, ಕೈಹಿಡಿದು ಹೆಂಗಸರ ಡಬ್ಬಿ ಹತ್ತಿಸಿದಳು.