ಎರಡು ಅಂತ ಬರ್ಕೋ

ಎರಡು ಕಣಮ್ಮ, ಎರಡು! ಎಷ್ಟು ಸಲ ಹೇಳ್ಬೇಕು? ಹತ್ತಕ್ಕೆ ಎರಡು. ಹೋದ ಸಲ ತುರಿಕೆ ಮೂರಿತ್ತು, ಈ ಸಲ ಎರಡಿದೆ. ಬರ್ಕೋ. ಪೆನ್ ಹಿಡ್ಕೊಂಡು ನನ್ನ ಮುಖ ಯಾಕೆ ನೋಡ್ತೀಯ? ತುರಿಕೆ ಇರೋದು ಬೆನ್ನಲ್ಲಿ, ಮುಖದಲ್ಲಲ್ಲ.

ಹೂಂ, ಹಾಕು ಸೂಜಿ. ಮೊಣಕೈಗೆ ಒಂದು... ಹ್ಞಾ, ಅಲ್ಲೇ! ಜೋಮು ಹಿಡಿದ ಹಾಗಾಯ್ತು. ಹಾಗಾದ್ರೆ ಸರಿಯಾಗಿ ಕೂತಿದೆ ಅಂತ ತಾನೇ? ನೋಡು, ನಿನ್ನ ಅಕ್ಯುಪಂಕ್ಚರ್ ವಿದ್ಯೆ ನನಗೂ ಬಂತು. ನಲವತ್ತು ವರ್ಷ ಬಟ್ಟೆ ಹೊಲಿದೋಳಿಗೆ ಸೂಜಿ ಏನು ಹೊಸದಾ? ಆದ್ರೂ ಕಣ್ಣಿಲ್ಲದ ಸೂಜಿ ನಾನು ನೋಡಿದ್ದು ನಿನ್ನ ಹತ್ರಾನೇ. ದಾರ ಎಲ್ಲಿ ಪೋಣಿಸ್ತೀಯೋ... ಅಬ್ಬಾ, ನಕ್ಕಳಪ್ಪ! ಬೆಳಗಿಂದ ಗಡಿಗೆ ಮುಖ ಹಾಕ್ಕೊಂಡು ಓಡಾಡ್ತಿದ್ದೆ.

ಏನು? ಮಗ್ಗುಲಾಗ್ಬೇಕಾ? ಯಾಕೆ? ಸೂಜಿ ಹಾಕೋದು ಕೈಗೆ, ಕಾಲಿಗೆ. ಬೆನ್ನು ನೋಡಿ ಏನು ಮಾಡ್ತೀಯ? ಬೇಡ. ಅಂಗಾತ ಮಲಗಿದ್ದೀನಿ, ಹಾಯಾಗಿದೆ. ಕೈಗಾಗ್ಲೇ ಸೂಜಿ ಹಾಕಿ ಈಗ ತಿರುಗು ಅಂದ್ರೆ ಹೇಗೆ ತಿರುಗ್ಲಿ? ಅಷ್ಟೂ ತಿಳಿಯಲ್ವಾ ನಿನಗೆ? ಆಮೇಲೆ ನೋಡುವಂತೆ. ಆಮೇಲೆ.

ನಾಳೆ ಡಾಕ್ಟ್ರು ನೋಡ್ತಾರೆ? ನಾಳೆ ನಾನು ಬರ್ತೀನಿ ಅಂತ ಯಾರು ಹೇಳಿದ್ರು? ನಾನು ಬರಲ್ಲ. ನನಗೆ ಮಂಡಿ ನೋವು. ಮಂಡಿ ನೋವು ಯಾವತ್ತಿಂದ ಅಂದ್ರೆ... ಈಗಿಂದ! ನೀನು ಆ ಹಾಳೆ ತಗೊಂಡು ಹೋಗು, ಸಾಕು. ಒಂಬತ್ತು, ಒಂಬತ್ತು, ಏಳು, ಆರು, ಐದು, ನಾಲ್ಕು, ಮೂರು, ಎರಡು. ಎಂಟು ಸಲಕ್ಕೆ ಮೆಟ್ಟಿಲು ಇಳಿದ ಹಾಗೆ ಇಳಿದಿದೆ. ಅಷ್ಟು ಓದಿರೋ ಚರ್ಮದ ಡಾಕ್ಟ್ರಿಗೆ ಎಂಟು ಅಂಕಿ ಓದೋಕೆ ಬರಲ್ವಾ? ಅತ್ತೆ ಬೆನ್ನನ್ನೂ ಹೊತ್ಕೊಂಡು ಹೋಗಿ ತೋರಿಸ್ಬೇಕಾ?

ಅಲ್ಲ, ನನಗೆ ರೇಗೋದು ಅದಕ್ಕೇ. ವಾರಕ್ಕೆ ಒಂದೇ ಒಂದು ದಿನ ಆಸ್ಪತ್ರೆಯಲ್ಲಿ ನಿನ್ನ ಸೂಜಿ ಚಿಕಿತ್ಸೆಗೆ ಒಂದು ಕೋಣೆ ಕೊಡೋಕೆ ಎಷ್ಟು ಪರೀಕ್ಷೆ! ‘ಒಬ್ಬ ರೋಗಿಯ ದಾಖಲೆ ತನ್ನಿ, ಆಮೇಲೆ ಯೋಚನೆ ಮಾಡೋಣ’ ಅಂತೆ. ಹಾಗೆ ಹೇಳೋವಾಗ ಆ ಡಾಕ್ಟ್ರು ನಿನ್ನ ಕಡೆ ನೋಡ್ಲೇ ಇಲ್ಲ. ಫೋನ್ ನೋಡ್ತಾ ಹೇಳಿದ್ದು. ನೀನೋ, ‘ಆಗ್ಲಿ ಸಾರ್, ಆಗ್ಲಿ ಸಾರ್’ ಅಂತ ತಲೆ ಆಡಿಸ್ಕೊಂಡು ಬಂದೆ. ಪಕ್ಕದಲ್ಲೇ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯ್ತು!

ಉರಿ ಅಂದ್ರೆ ಸಿಟ್ಟು ಕಣೇ. ತುರಿಕೆ ಉರಿ ಅಲ್ಲ. ಅದನ್ನೂ ಬರ್ಕೊಂಡುಬಿಡ್ಬೇಡ!

ಮತ್ತೆ ಇನ್ನೊಂದು ನಿಂದು. ‘ಮುಲಾಮಿನ ಜೊತೆಗೆ ಸಾರ್, ಔಷಧಿ ಬಿಡೋ ಹಾಗಿಲ್ಲ ಸಾರ್, ಇದು ಬರೀ ಜೊತೆಗೆ.’ ಜೊತೆಗೆ, ಜೊತೆಗೆ! ನಿನ್ನ ಕೆಲಸವನ್ನ ನೀನೇ ಅಷ್ಟು ಚಿಕ್ಕದು ಮಾಡಿ ಹೇಳಿದ್ರೆ ಇನ್ನೊಬ್ಬರು ಯಾಕೆ ದೊಡ್ಡದು ಮಾಡ್ತಾರೆ? ವಾಸಿಯಾಯ್ತೋ, ಹೆಸರೆಲ್ಲ ಮುಲಾಮಿಗೆ. ಆಗ್ಲಿಲ್ವೋ, ಬೈಗುಳ ಸೂಜಿಗೆ. ಮೂರು ವರ್ಷ ಕಷ್ಟಪಟ್ಟು ಕಲಿತಿದ್ದು ಇದಕ್ಕಾ?

ಹಚ್ತೀನಿ! ಹಚ್ತಿದ್ದೀನಿ ಅಂದ್ನಲ್ಲ! ದಿನಕ್ಕೆರಡು ಸಲ, ಸ್ನಾನ ಆದ್ಮೇಲೆ ಒಂದು, ಸಂಜೆ ಒಂದು. ಕೈ ಎಟುಕದ ಕಡೆ... ಎಟುಕುತ್ತೆ, ನನಗೆ ಎಲ್ಲ ಕಡೆ ಎಟುಕುತ್ತೆ. ಪೊಲೀಸ್ನೋರ ಹಾಗೆ ಅದನ್ನೇ ಎಷ್ಟು ಸಲ ಕೇಳ್ತೀಯ? ನಿನ್ನ ಗಂಡನೂ ಹಾಗೇ. ಮೊನ್ನೆ ಬಂದು ಇಣುಕಿ ‘ಅಮ್ಮನ್ನ ಮುಳ್ಳುಹಂದಿ ಮಾಡಿದ್ದೀಯ’ ಅಂದ. ನನ್ನ ಹೊಟ್ಟೇಲಿ ಹುಟ್ಟಿದ ಮಗ! ಒಳ್ಳೆ ಮಾತಿಗೆ ಬರ ಬಂದಿದೆ ಈ ಮನೇಲಿ.

ನಾನೆಲ್ಲಿ ಅಲ್ಲಾಡಿದೆ? ಬೆನ್ನು ಉಜ್ಜಿದ್ದಲ್ಲ, ದಿಂಬು ಸರಿ ಮಾಡ್ಕೊಂಡೆ. ಕೈಗೆ ಸೂಜಿ ಇರೋವಾಗ ದಿಂಬನ್ನ ಬೆನ್ನಲ್ಲೇ ತಾನೇ ಸರಿ ಮಾಡ್ಬೇಕು? ನೀನು ಆ ಕಡೆ ಕೂತ್ಕೋ. ಹೀಗೆ ಕಣ್ಣಲ್ಲಿ ಕಣ್ಣಿಟ್ಟು ಕಾವಲು ಕಾದ್ರೆ ನಿನ್ನ ಸೂಜಿ ಹೇಗೆ ಕೆಲಸ ಮಾಡುತ್ತೆ? ಕಾದು ನೋಡಿದ್ರೆ ಹಾಲೂ ಬೇಗ ಕಾಯಲ್ಲ.

ಇನ್ನೂ ಎಷ್ಟು ನಿಮಿಷ? ಹನ್ನೆರಡಾ? ಹನ್ನೆರಡು ನಿಮಿಷ... ಅಯ್ಯೋ ದೇವ್ರೇ. ಇಲ್ಲ, ಇಲ್ಲ, ಏನಾಗಿಲ್ಲ. ಸುಮ್ನೆ ಅಂದೆ. ಮಾತಾಡ್ತಿದ್ರೆ ಹೊತ್ತು ಹೋಗುತ್ತೆ. ನೀನಂತೂ ಮಾತಾಡಲ್ಲ, ಅದಕ್ಕೇ ನಾನೇ ಇಬ್ಬರದ್ದೂ ಆಡ್ತೀನಿ.

ನಾಳೆ ಆ ಹಸಿರು ಸೀರೆ ಉಟ್ಕೊಂಡು ಹೋಗು. ಹಾಳೆಯನ್ನ ಕೈಯಲ್ಲಿ ಸುರುಳಿ ಸುತ್ಬೇಡ, ಫೈಲಲ್ಲಿಡು. ‘ಆಗ್ಲಿ ಸಾರ್’ ಅನ್ಬೇಡ. ‘ನೋಡಿ, ಒಂಬತ್ತಿಂದ ಎರಡಕ್ಕೆ ಬಂದಿದೆ’ ಅಂತ ಮೇಜಿನ ಮೇಲೆ ಇಟ್ಟು ನಿಂತ್ಕೋ. ಅವರು ತಲೆ ಎತ್ತಿ ನೋಡೋವರೆಗೂ ನಿಂತ್ಕೋ. ತಿಳೀತಾ?

ಹಾ, ಗಂಟೆ ಹೊಡೀತು. ತೆಗಿ, ತೆಗಿ, ಬೇಗ. ಕಾಲಿಂದೂ ತೆಗಿ. ಕೈ ಕೊಡ್ಬೇಡ, ನಾನೇ ಏಳ್ತೀನಿ. ಸೆರಗು... ಆಯ್ತು. ಬೆನ್ನು ಸಂಜೆ ನೋಡುವಂತೆ, ಈಗ ಒಲೆ ಮೇಲೆ... ಏನು?

ಯಾಕೆ ಹಾಗೆ ನಿಂತೆ?

ಆ ಹಾಸಿನ ಬಟ್ಟೆ ನಾನು ಮಡಚ್ತೀನಿ, ಕೊಡು. ಬಿಡು. ಬಿಡೇ ಅಂದೆ! ಅದೇನಿಲ್ಲ... ಟೊಮೇಟೊ ಕಲೆ ಇರ್ಬೇಕು. ಮುಂಚೇನೇ ಇತ್ತು. ಬಿಳಿ ಬಟ್ಟೆ ಯಾಕೆ ಹಾಸ್ತೀಯ, ಎಲ್ಲ ಎದ್ದು ಕಾಣುತ್ತೆ...

ಹಾಗೆ ನೋಡ್ಬೇಡ.

ಪ್ರತಿ ಸಲ ನಾನೇ ಕಂದು ಟವೆಲ್ ತಂದು ಹಾಸ್ಕೊಂಡು ಮಲಗ್ತಿದ್ದೆ. ಇವತ್ತು ಅದು ಒಣಗಿರ್ಲಿಲ್ಲ.

ಹೌದು ಕಣೇ, ರಕ್ತಾನೇ. ಕೆರ್ಕೊಂಡಿದ್ದು. ಬಟ್ಟೆ ಅಳೆಯೋ ಮರದ ಸ್ಕೇಲ್ ಇದೆಯಲ್ಲ, ಅದರಲ್ಲಿ. ನೀನು ಹೊರಗೆ ಹೋದಾಗ ಬಾಗಿಲು ಹಾಕ್ಕೊಂಡು... ಮುಲಾಮು ಹಚ್ಲಿಲ್ಲ. ಒಂದು ದಿನಾನೂ ಹಚ್ಲಿಲ್ಲ. ಮೂರು ಟ್ಯೂಬೂ ಹೊಲಿಗೆ ಮಿಷಿನ್ ಡ್ರಾಯರ್‌ನಲ್ಲಿವೆ, ಮುಚ್ಚಳ ಕೂಡ ತೆಗೆದಿಲ್ಲ. ಅದನ್ನ ಹಚ್ಚಿ ವಾಸಿಯಾದ್ರೆ ಅದರಿಂದ್ಲೇ ಆಯ್ತು ಅಂತಾರಲ್ಲ ಅವರು. ಬರೀ ನಿನ್ನ ಕೈಯಿಂದ ವಾಸಿಯಾಗ್ಬೇಕಿತ್ತು ನನಗೆ. ಆಗುತ್ತೆ ಅಂತಾನೇ ಅಂದ್ಕೊಂಡಿದ್ದೆ. ಸುಳ್ಳಲ್ಲ, ನೀನು ಸೂಜಿ ಹಾಕಿದ ದಿನ ಸಂಜೆವರೆಗೆ ಒಂಚೂರು ತಣ್ಣಗಿರುತ್ತೆ. ಇವತ್ತಷ್ಟೇ, ಮಲಗಿದಾಗಿಂದ ಕಡಿತ. ಮೂರನೇ ಸಲಾನೇ ಹೇಳ್ಬೇಕಿತ್ತು ನಿನಗೆ. ತುರಿಕೆ ಕಮ್ಮಿಯಾಗದಿದ್ರೂ ಏಳು ಅಂದಾಗ ನಿನ್ನ ಮುಖ ಅರಳ್ತಲ್ಲ... ಆಮೇಲೆ ಮೇಲಕ್ಕೆ ಹೇಗೆ ಹತ್ಲಿ ನಾನು? ಇಳೀತಾನೇ ಹೋದೆ.

ನಾಳೆ ಬರ್ತೀನಿ ನಾನು. ತಪ್ಪು ನಂದು ಅಂತ ಆ ಡಾಕ್ಟ್ರಿಗೆ ನಾನೇ ಹೇಳ್ತೀನಿ. ‘ಇವಳು ಔಷಧಿ ಬಿಡ್ಬೇಡ ಅಂತ ಬಡ್ಕೊಂಡಳು, ನಾನೇ ಬಿಟ್ಟೆ’ ಅಂತ. ಕೋಣೆ ಕೊಡಲ್ಲ ಅಂತೀಯಾ? ಕೊಡಲ್ಲ, ಅಲ್ವಾ? ಈ ಹಾಳೆ ಇನ್ನು ಯಾವುದಕ್ಕೂ ಬರಲ್ಲ...

ಏನಾದ್ರೂ ಅನ್ನೇ.

ಯಾಕೆ ಹೀಗೆ ಮಾಡಿದೆ ಅಂತಾನಾದ್ರೂ ಕೇಳು. ಲ್ಯಾಬಿನ ಕೆಲಸ ಬಿಟ್ಟು ಇದನ್ನ ಕಲೀತೀನಿ ಅಂತ ನೀನು ಹೇಳಿದ ದಿನ, ನೆಂಟರೆಲ್ಲ ಕೂತಿದ್ರು. ‘ಇವಳಿಗೆ ಬುದ್ಧಿ ನೆಟ್ಟಗಿಲ್ಲ’ ಅಂದೋಳು ನಾನೇ. ಎಲ್ಲರೂ ನಕ್ರು. ನೀನೆದ್ದು ಒಳಗೆ ಹೋದೆ. ನಾನು ಹಿಂದೇನೇ ಬಂದು ಬಾಗಿಲಲ್ಲಿ ನಿಂತೆ, ನಿನಗೆ ಗೊತ್ತಿಲ್ಲ. ತೊಳೆದಿಟ್ಟ ಲೋಟಗಳನ್ನೇ ಮತ್ತೆ ತೊಳೀತಿದ್ದೆ ನೀನು. ಒಂದೊಂದಾಗಿ. ತಪ್ಪಾಯ್ತು ಅನ್ನೋಣ ಅಂತ ಬಂದೋಳು ಹಾಗೇ ವಾಪಸ್ ಹೋಗಿ ನಗೋರ ಜೊತೆ ಕೂತೆ.

ಬೈ ನನ್ನ. ಆ ಬಟ್ಟೆ ಕೆಳಗಿಟ್ಟು ಬೈದುಬಿಡು ಒಂದು ಸಲ.

ಬೈಯೇ... ಅವತ್ತೂ ನೀನು ಒಂದು ಮಾತೂ ಆಡ್ಲಿಲ್ಲ.