ತಣ್ಣಗಿದ್ದಾಗ ಮೂವತ್ಮೂರು

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಗ್ಯಾರೇಜು, ಟ್ಯಾಕ್ಸಿಗಳ ಮಾಲೀಕರೇ, ಅವರ ಪಕ್ಕದಲ್ಲಿ ಹೊಸ ಷರ್ಟಿನ ಕಾಲರ್ ಎಳೆದುಕೊಳ್ಳುತ್ತಾ ಇವತ್ತು ನಿವೃತ್ತರಾಗುತ್ತಿರುವ ನನ್ನ ಭಾವನವರೇ, ಮುಂದಿನ ಸಾಲಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಅಕ್ಕನೇ, ಡ್ರೈವರ್ ಮಿತ್ರರೇ, ಸಭಿಕರೇ.

ಐದು ನಿಮಿಷ ಕೊಟ್ಟಿದ್ದಾರೆ. ನಾನು ಐದು ನಿಮಿಷದಲ್ಲಿ ಮಾತು ಮುಗಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ಮೂವತ್ತೊಂದು ವರ್ಷ. ಮೂವತ್ತೊಂದು ವರ್ಷ ಚಕ್ರಕ್ಕೆ ಗಾಳಿ ಹೊಡೆದ ಕೈ ಅದು. ಗಾಳಿ ತಾನೇ, ಅದೇನು ಮಹಾ ಅಂತೀರಿ. ಎಂಜಿನ್ ಗುರ್ ಅನ್ನುತ್ತೆ, ಬ್ರೇಕ್ ಕಿರುಚುತ್ತೆ, ಗಾಳಿ ಮಾತ್ರ ಸದ್ದಿಲ್ಲದೆ ನಮ್ಮನ್ನೆಲ್ಲ ಹೊತ್ತು ಹೋಗುತ್ತೆ. ಅಂಥದ್ದನ್ನ ನಾವು ಹೇಗೆ ಪರೀಕ್ಷೆ ಮಾಡ್ತೀವಿ? ಒದ್ದು ನೋಡ್ತೀವಿ. ನಾನೂ ಒದ್ದವನೇ. "ಏನಯ್ಯಾ, ಮನೇಲಿ ಜ್ವರ ಬಂದವರನ್ನೂ ಹೀಗೇ ಒದ್ದು ನೋಡ್ತೀಯಾ?" ಅಂತ ಭಾವ ಬೈತಿದ್ದರು.

ಆ ಮಾತಿಗೆ ರೋಷ ಬಂದು ನಾನೇ ಒಂದು ಗಾಳಿ ಮೀಟರ್ ಕೊಂಡೆ. ಅಲ್ಲಿಂದಲೇ ಅನಾಹುತ ಶುರು.

ಏಳು ವರ್ಷದ ಹಿಂದೆ, ಬೇಸಿಗೆ. ಮಾಲೀಕರ ಕಾರು ಖಾಲಿ ಹೋಗುತ್ತಿತ್ತು, ಅಕ್ಕನನ್ನೂ ಕೂರಿಸಿಕೊಂಡೆ. ಬೆಳಿಗ್ಗೆ ಭಾವ ನಾಲ್ಕೂ ಚಕ್ರಕ್ಕೆ ಮೂವತ್ಮೂರು ಪೌಂಡ್ ಗಾಳಿ ಹೊಡೆದು ಕಳಿಸಿದರು. ಎರಡು ಗಂಟೆ ಓಡಿಸಿ ಟೀಗೆ ನಿಲ್ಲಿಸಿದೆ. ಜೇಬಲ್ಲಿ ಹೊಸ ಮೀಟರ್ ಇದ್ದರೆ ಕೈ ಸುಮ್ಮನಿರುತ್ತಾ? ಅಳೆದೆ. ಮೂವತ್ತೆಂಟು.

"ನೋಡಕ್ಕಾ ನಿನ್ನ ಗಂಡನ ಅಳತೆ, ಐದು ಜಾಸ್ತಿ ತುರುಕಿದಾರೆ" ಅಂದೆ.

"ಮುಟ್ಟಬೇಡ ಕಣೋ, ಅವರಿಗೆ ಗೊತ್ತಿರುತ್ತೆ" ಅಂದಳು.

ಕೇಳಿದೆನಾ? ಬುಸ್ ಅಂತ ಬಿಟ್ಟು ಮೂವತ್ಮೂರಕ್ಕೆ ಇಳಿಸಿದೆ. ಮುಂದೆ ನಿಲ್ಲಿಸಿದಾಗ ಮತ್ತೆ ಮೂವತ್ತೇಳು, ಮತ್ತೆ ಬಿಟ್ಟೆ. ಊಟದ ಹೊತ್ತಿಗೆ ಇನ್ನೊಂದು ಸಲ. ಓಡಿದ ಚಕ್ರ ಬಿಸಿಯಾಗುತ್ತೆ, ಬಿಸಿಯಾದರೆ ಮೀಟರಿನ ಮುಳ್ಳು ಏರುತ್ತೆ, ತಣ್ಣಗಾದರೆ ತಾನಾಗೇ ಇಳಿಯುತ್ತೆ. ಅಷ್ಟು ಗೊತ್ತಿಲ್ಲದೆ ಒಳ್ಳೇ ಗಾಳಿನ ದಾರಿಯುದ್ದಕ್ಕೂ ಚೆಲ್ಲಿಕೊಂಡು ಹೋದೆ. ಮೆತ್ತಗಾದ ಚಕ್ರ ಇನ್ನೂ ಕಾಯಿತು. ಊಟ ಆಗಿ ಅರ್ಧ ಗಂಟೆಗೆ ಹಿಂದಿನದೊಂದು ಸಿಡಿಯಿತು. ಕಾರು ಚರಂಡಿಗೆ ಇಳಿಯಿತು. ಅಕ್ಕನ ಮಣಿಕಟ್ಟು ಮುರಿಯಿತು.

ಮಾರನೇ ದಿನ ಗ್ಯಾರೇಜಿನಲ್ಲಿ ನಾನು ಕೂಗಿದ್ದನ್ನು ನಿಮ್ಮಲ್ಲಿ ಅರ್ಧ ಜನ ಕೇಳಿದ್ದೀರಿ. "ನಿಮ್ಮ ಕೈಯಾರೆ ನಿಮ್ಮ ಹೆಂಡತಿ ಕೈ ಮುರಿದಿರಿ ಭಾವ." ಅವರು ಹರಿದ ಟೈರಿನೊಳಗೆ ಬೆರಳಾಡಿಸಿದರು. ಕಪ್ಪು ಪುಡಿ ಅಂಟಿತು. ಗಾಳಿ ಕಮ್ಮಿಯಿಟ್ಟು ಓಡಿಸಿದ ಟೈರ್ ಒಳಗೇ ಸವೆದು ಹಾಗಾಗುತ್ತೆ. ಅವರಿಗೆ ಆ ಕ್ಷಣವೇ ಗೊತ್ತಾಯಿತು. ಬೆರಳನ್ನ ಪ್ಯಾಂಟಿಗೆ ಒರೆಸಿಕೊಂಡು ಟೈರನ್ನ ಮೂಲೆಗೆ ಉರುಳಿಸಿದರು. ಅಧ್ಯಕ್ಷರೇ, ನನ್ನ ಕೂಗು ಕೇಳಿ ನೀವು ಅವರ ಕೈಯಿಂದ ಗಾಳಿ ಪೈಪು ಕಿತ್ತುಕೊಂಡು ಎರಡು ವರ್ಷ ಕಾರು ತೊಳೆಸಿದಿರಿ. ಒಂದೇ ಗೇಟಲ್ಲಿ ಓಡಾಡುತ್ತಾ ನಾನು ಏಳು ವರ್ಷ ಅವರ ಮುಖ ನೋಡಲಿಲ್ಲ.

ಹೋದ ವಾರ ನನ್ನ ಹೆಂಡತಿ ಕಾರಿನ ಬಾಗಿಲು ಒರೆಸುತ್ತಾ ಅದರ ಅಂಚಿಗೆ ಕಂಪನಿಯವರು ಅಂಟಿಸಿದ ಗಾಳಿ ಅಳತೆಯ ಚೀಟಿ ಓದಿದಳು. "ರೀ, ಚಕ್ರ ತಣ್ಣಗಿದ್ದಾಗ ಅಳೀಬೇಕಂತೆ. ನೀವು ಯಾವಾಗ ಅಳೀತಿದ್ರಿ?"

ಅಕ್ಕನಿಗೆ ಫೋನ್ ಮಾಡಿದೆ. "ನಾನು ಅವತ್ತೇ ಹೇಳೋಕೆ ಹೊರಟಿದ್ದೆ ಕಣೋ. ಇವರೇ ಬಾಯಿ ಮುಚ್ಚಿಸಿದ್ರು. ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ ಅಂದ್ರು" ಅಂದಳು.

ಇವತ್ತು ನಾನೇ ಹೇಳಿದ್ದೀನಿ. ತಪ್ಪು ನನ್ನದು. ಅಧ್ಯಕ್ಷರೇ, ಕಾರಿನ ಕೀ ಮೇಜಿನ ಮೇಲಿಟ್ಟಿದ್ದೀನಿ. ವಾಪಸ್ ಕೊಡೋದು ಬಿಡೋದು ನಿಮ್ಮಿಷ್ಟ.

ಭಾವ, ಕಾರನ್ನ ಬೆಳಿಗ್ಗೆ ಏಳಕ್ಕೇ ತಂದು ಇಲ್ಲೇ ಹಿಂದುಗಡೆ ನೆರಳಲ್ಲಿ ನಿಲ್ಲಿಸಿದ್ದೀನಿ. ಅಲ್ಲಿಂದ ಕದಲಿಸಿಲ್ಲ, ನಾಲ್ಕೂ ತಣ್ಣಗಿವೆ. ಸಭೆ ಮುಗಿದ ಮೇಲೆ ಒಂದು ಸಲ ನೋಡಿಕೊಡ್ತೀರಾ? ಮೀಟರ್ ನಾನು ತಂದಿಲ್ಲ.

ಅರೆ, ಈಗಲೇ ಎದ್ದಿರಾ? ಇನ್ನೂ ಸನ್ಮಾನವೇ ಆಗಿಲ್ಲ, ಕೂತ್ಕೊಳ್ಳಿ ಭಾವ. ಅಕ್ಕಾ, ನೀನಾದರೂ ಹೇಳೇ.

ಆಯ್ತು, ಬಂದೆ. ಸಭಿಕರೇ, ಇಷ್ಟು ಹೊತ್ತು ಸಹಿಸಿದ್ದಕ್ಕೆ ಋಣಿ, ಬಿಸಿಲು ಅಲ್ಲಿಗೆ ತಿರುಗಿ ಚಕ್ರ ಬಿಸಿಯಾಗೋ ಮೊದಲು ನಾವಿಬ್ಬರೂ ಹೋಗಬೇಕು. ನಮಸ್ಕಾರ.